ಇಳಕಲ್ಲಿನ ಮಗ್ಗ, ಕಚ್ಛಿನ ಹತ್ತಿ

ಗುಜರಾತಿನ ಕಚ್ಛಿನ ಭುಜ್‌ಗೆ ಬಂದು ಒಂಬತ್ತು ವರ್ಷ ಆಯಿತು. ಪಕ್ಕದ ಭುಜೋಡಿಯಲ್ಲಿ ಮನೆ ಮನೆಗೂ ಮಗ್ಗ. ಲಾಳಿಯ ಸದ್ದು ಕೇಳಿದರೆ ನನಗೆ ಇಳಕಲ್ಲಿನ ಓಣಿಯೇ ನೆನಪಾಗುತ್ತದೆ. ನಮ್ಮ ಮನೆ ಎದುರಿಗೇ ಕುಣಿಮಗ್ಗ, ಅಂದರೆ ನೆಲದ ಕುಣಿಯಲ್ಲಿ ಕಾಲಿಟ್ಟು ನೇಯುವ ಮಗ್ಗ ಇತ್ತು.

ಕಳೆದ ದೀಪಾವಳಿಗೆ ಊರಿಗೆ ಹೋಗುವಾಗ ಇಲ್ಲಿನ ಒಂದು ಶಾಲು ಒಯ್ದಿದ್ದೆ. ಎದುರು ಮನೆಯ ಕಾಕಾ ಅದನ್ನು ಹೆಬ್ಬೆರಳಲ್ಲಿ ತಿಕ್ಕಿ ನೋಡಿ, "ಇದು ನಮ್ಮ ಜವಾರಿ ಹತ್ತಿ ಇದ್ದಂಗ ಐತಲ್ಲೋ" ಅಂದರು. ಅವರು ಹೇಳಿದ್ದು ಸರಿ. ಕಚ್ಛಿನ ಈ ಹತ್ತಿಗೆ ಕಾಲಾ ಕಾಟನ್ ಅನ್ನುತ್ತಾರೆ. ನಮ್ಮ ಎರೆ ಹೊಲದ ಜಯಧರ ಹತ್ತಿಯೂ ಇದೂ ಒಂದೇ ಜಾತಿ, ಹರ್ಬೇಸಿಯಂ. ಮಳೆ ಕಡಿಮೆ ಆದರೂ ತಾಳುತ್ತದೆ, ಔಷಧಿ ಹೊಡೆಯುವ ಕೆಲಸ ಇಲ್ಲವೆನ್ನುವಷ್ಟು ಕಡಿಮೆ.

ವ್ಯತ್ಯಾಸ ಎಲ್ಲಿದೆ ಅಂದರೆ, ಇಲ್ಲಿ ಖಮೀರ್ ಎಂಬ ಸಂಸ್ಥೆ ರೈತ, ನೂಲುವವರು, ನೇಕಾರ ಮೂವರನ್ನೂ ಒಂದು ಕಡೆ ತಂದಿತು. ಹಾಗಾಗಿ ಶಾಲು ಮಾರುವವರು ಹತ್ತಿ ಎಲ್ಲಿಯದು, ಬಣ್ಣ ಯಾವ ಗಿಡದ್ದು ಅಂತ ಹೇಳಿ ಮಾರುತ್ತಾರೆ. ಇಳಕಲ್ಲಿನಲ್ಲಿ ಹತ್ತಿ ಹೊಲ ಊರಾಚೆಗೇ ಇದೆ. ಮಗ್ಗಕ್ಕೆ ಬರುವ ನೂಲು ಮಾತ್ರ ಹೊರಗಿನ ಮಿಲ್‌ನದು. ಎಷ್ಟೋ ಸೀರೆಯಲ್ಲಿ ಅದೂ ಹತ್ತಿಯಲ್ಲ, ಆರ್ಟ್ ಸಿಲ್ಕ್ ಅನ್ನೋ ಕೃತಕ ರೇಷ್ಮೆ. ಇದು ನನಗೆ ನಿಜವಾಗಿಯೂ ನೋವು ಕೊಡುತ್ತದೆ.

ನೇಯ್ಗೆಯಲ್ಲಿ ನಮ್ಮವರು ಯಾರಿಗೂ ಕಡಿಮೆ ಇಲ್ಲ. ಹಾಸು ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಹೂಡುವ ನೂಲು. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಪ್ರತಿ ಸೀರೆಗೂ ಈ ಕೆಲಸ ಹೊಸದಾಗಿಯೇ ಆಗಬೇಕು. ಆಮೇಲೆ ತೋಪ ತೆನಿ ಅನ್ನೋ ವಿನ್ಯಾಸದ ಸೆರಗು, ಗೋಮಿ ಅನ್ನೋ ವಿನ್ಯಾಸದ ದಡಿ. ಭುಜೋಡಿಯ ಒಬ್ಬ ಹಿರಿಯ ನೇಕಾರರಿಗೆ ಅವ್ವನ ಸೀರೆ ತೋರಿಸಿದ್ದೆ. ಕೊಂಡಿ ಹಾಕಿದ ಜಾಗವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

ಇನ್ನೊಂದು ವಿಷಯದಲ್ಲೂ ಇಳಕಲ್ ಮುಂದಿದೆ. ಇಲ್ಲಿನ ಗಿಡಬಣ್ಣದ ಬಟ್ಟೆ ಜಾಸ್ತಿ ಹೋಗುವುದು ದೂರದ ಊರಿನ ಅಂಗಡಿಗೆ. ನಮ್ಮ ಸೀರೆಯನ್ನು ಹೊಲಕ್ಕೆ ಹೋಗುವ ಹೆಣ್ಣುಮಕ್ಕಳು ಇಂದಿಗೂ ಉಡುತ್ತಾರೆ. ಇದನ್ನು ಕಳೆದುಕೊಂಡು ಗಿಡಬಣ್ಣ ತರುವುದು ನನಗೆ ಬೇಡ. ಕಾಕಾನೂ ಅದನ್ನೇ ಕೇಳಿದರು: "ಬಣ್ಣಾನೂ ಬಿಡಬಾರ್ದು, ರೇಟೂ ಏರಬಾರ್ದು. ಎರಡೂ ಆಗ್ತೈತೇನಪಾ?"

ಎರಡೂ ಒಟ್ಟಿಗೆ ಆಗುವುದು ಕಷ್ಟ. ಅಜರಖ್, ಅಂದರೆ ಅಚ್ಚು ಒತ್ತಿ ಗಿಡಬಣ್ಣ ಹಾಕುವ ಬಟ್ಟೆ ಮಾಡುವುದನ್ನು ಇಲ್ಲಿ ಹತ್ತಿರದಿಂದ ನೋಡಿದ್ದೇನೆ. ಅಳಲೆಕಾಯಿ ನೀರಲ್ಲಿ ಅದ್ದಬೇಕು, ಕೆಂಪಿಗೆ ಪಟಿಕ ಬೇಕು, ಮತ್ತೆ ಮತ್ತೆ ಒಗೆಯಬೇಕು. ನೀಲಿಯ ಹೊಂಡದಿಂದ ಎತ್ತಿದ ಬಟ್ಟೆ ಮೊದಲು ಹಸಿರಾಗಿರುತ್ತದೆ, ಗಾಳಿ ತಾಗಿದ ಮೇಲೆ ನೀಲಿ ಆಗುತ್ತದೆ. ಇದಕ್ಕೆಲ್ಲ ದಿನಗಟ್ಟಲೆ ಸಮಯ, ಒಳ್ಳೆಯ ನೀರು ಬೇಕು. 2001ರ ಭೂಕಂಪದ ನಂತರ ಅಜರಖ್ ಮಾಡುವ ಧಮಡಕಾ ಊರಿನಲ್ಲಿ ನೀರು ಕೆಟ್ಟಿತು. ಅಲ್ಲಿನ ಎಷ್ಟೋ ಬಣ್ಣಗಾರರು ಅಜರಖಪುರ ಅನ್ನೋ ಹೊಸ ಊರನ್ನೇ ಕಟ್ಟಿಕೊಂಡರು. ನೀರಿಗೆ ಅಷ್ಟು ಬೆಲೆ ಇದೆ.

ಅದಕ್ಕೇ ನನ್ನ ಮಾತು ಇಷ್ಟು: ಮೊದಲು ಹತ್ತಿ, ಬಣ್ಣ ಆಮೇಲೆ. ಜವಾರಿ ಹತ್ತಿಯ ಎಳೆ ಗಿಡ್ಡ, ನೂಲು ದಪ್ಪ. ಸಣ್ಣ ನೂಲಿನ ಸೀರೆ ಅದರಲ್ಲಿ ಬರುವುದಿಲ್ಲ, ನಿಜ. ಆದರೆ ದಿನಾ ಉಡುವ ದಪ್ಪ ಸೀರೆ, ಟವೆಲ್ಲು, ಹೊದಿಕೆ ಆಗುತ್ತವಲ್ವಾ? ಕಚ್ಛಿನವರು ದಪ್ಪ ನೂಲಿಗೆ ತಕ್ಕ ಬಟ್ಟೆಯನ್ನೇ ನೇಯ್ದರು.

ಬಣ್ಣಕ್ಕೂ ದೂರ ಹೋಗಬೇಕಿಲ್ಲ. ಬಾಗಲಕೋಟೆ ಜಿಲ್ಲೆಯಲ್ಲಿ ದಾಳಿಂಬೆ ತೋಟ ಬೇಕಾದಷ್ಟಿವೆ, ಸಿಪ್ಪೆಯಿಂದ ಹಳದಿ ಬರುತ್ತದೆ. ತುಕ್ಕು ಕಬ್ಬಿಣ, ಬೆಲ್ಲ ಕೂಡಿಸಿ ಕೊಳೆಯಲು ಬಿಟ್ಟು, ಆ ನೀರನ್ನು ಅಳಲೆಕಾಯಿ ಹಾಕಿದ ಬಟ್ಟೆಗೆ ಹಚ್ಚಿದರೆ ಕಪ್ಪು. ಮಹಾಲಿಂಗಪುರದ ಬೆಲ್ಲ ನಮ್ಮಲ್ಲೇ ಸಿಗುತ್ತದೆ. ನೀಲಗಾರ ಅನ್ನೋ ಮನೆತನದ ಹೆಸರು ನಮ್ಮ ಕಡೆ ಇನ್ನೂ ಉಳಿದಿದೆ. ನೀಲಿ ಹಾಕುವ ಕೆಲಸದಿಂದಲೇ ಬಂದ ಹೆಸರು ಅದು.

ಹೊರಡುವ ದಿನ ಕಾಕಾನಿಗೆ ಕೇಳಿದೆ: ಒಂದು ಹಾಸಿನಷ್ಟು ಜವಾರಿ ನೂಲು ನಾನು ತಂದುಕೊಟ್ಟರೆ ನೇಯ್ತೀರಾ? "ತಾ, ನೋಡೂಣು" ಅಂದರು. ಈಗ ನೂಲು ಹುಡುಕುತ್ತಿದ್ದೇನೆ. ಮೊದಲನೇ ಸೀರೆ ಅವ್ವನಿಗೆ. ಅವಳಿಗೆ ಚಂದ್ರಕಾಳಿ ಅನ್ನೋ ಕಪ್ಪು ಸೀರೆ ಬೇಕಂತೆ, ಬೆಲ್ಲ ಕಬ್ಬಿಣದ ಕಪ್ಪೇ ಆಗಬೇಕಂತೆ.