ರೇಡಿಯೊ ರಿಪೇರಿಯವರ ಬೇಸ್, ಕಾರವಾರದ ಉಪ್ಪುಗಾಳಿ

ಬೇಸ್ ಗಿಟಾರ್ (ತಗ್ಗು ಸ್ವರದ ಗಿಟಾರ್) ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ. ಆದರೆ ಫೆಂಡರ್ ಕಂಪನಿಯ 1951ರ ಪ್ರಿಸಿಷನ್ ಬೇಸೇ ಪ್ರಪಂಚದ ಮೊದಲ ಎಲೆಕ್ಟ್ರಿಕ್ ಬೇಸ್ ಗಿಟಾರ್ ಅಂದಿದ್ದೀರಿ, ಅದೊಂದು ಸರಿಯಿಲ್ಲ. ಸಿಯಾಟಲ್‌ನ ಪಾಲ್ ಟುಟ್ಮಾರ್ಕ್ 1930ರ ದಶಕದಲ್ಲೇ ಆಡಿಯೋವಾಕ್ಸ್ ಹೆಸರಲ್ಲಿ ಒಂದನ್ನು ಮಾಡಿ ಮಾರಿದ್ದರು. ಓಡಲಿಲ್ಲ, ಅಷ್ಟೆ.

ಫೆಂಡರ್ ಕಂಪನಿ ಕಟ್ಟಿದ ಲಿಯೋ ಫೆಂಡರ್ ರೇಡಿಯೊ ರಿಪೇರಿ ಮಾಡುತ್ತಿದ್ದವರು. ಗಿಟಾರ್ ನುಡಿಸಲು ಬರುತ್ತಿರಲಿಲ್ಲ, ತಮಾಷೆ ಅಲ್ವಾ? ಆಳೆತ್ತರದ, ಪಿಟೀಲಿನಂಥ ಡಬಲ್ ಬೇಸ್‌ಗೆ ಫ್ರೆಟ್ (ಸ್ವರದ ಜಾಗಕ್ಕೆ ಕೂರಿಸುವ ಅಡ್ಡ ಪಟ್ಟಿ) ಇಲ್ಲ, ಬೆರಳು ಸ್ವಲ್ಪ ಜಾರಿದರೂ ಸ್ವರ ತಪ್ಪುತ್ತದೆ. ಇವರು ಫ್ರೆಟ್ ಹಾಕಿದರು, ಅದಕ್ಕೇ ಪ್ರಿಸಿಷನ್ ಅನ್ನುವ ಹೆಸರು. ಇವರಿಟ್ಟ 34 ಇಂಚಿನ ಸ್ಕೇಲೇ (ತಂತಿಯ ಮಿಡಿಯುವ ಭಾಗದ ಉದ್ದ) ಇವತ್ತಿಗೂ ಹೆಚ್ಚಿನ ಬೇಸ್‌ಗಳ ಅಳತೆ. 1965ರಲ್ಲಿ ಕಂಪನಿಯನ್ನು ಅಮೆರಿಕದ ಪ್ರಸಾರ ಸಂಸ್ಥೆ ಸಿಬಿಎಸ್‌ಗೆ ಮಾರಿದ ಮೇಲೂ ಸುಮ್ನೆ ಕೂರಲಿಲ್ಲ. 1976ರಲ್ಲಿ ಅವರದೇ ವಿನ್ಯಾಸದ ಬೇಸ್, ಮ್ಯೂಸಿಕ್ ಮ್ಯಾನ್ ಕಂಪನಿಯ ಸ್ಟಿಂಗ್‌ರೇ ಬಂತು, ಬೇಸ್‌ನೊಳಗೇ ಸದ್ದು ಹಿಗ್ಗಿಸುವ ಸರ್ಕ್ಯೂಟ್, ಬ್ಯಾಟರಿ ಇಟ್ಟು.

ನಮ್ಮದು ಕಾರವಾರದ ಕೋಡಿಬಾಗ. ಮದುವೆ ಆರ್ಕೆಸ್ಟ್ರಾದಲ್ಲಿ ಪ್ರಿಸಿಷನ್ ಮಾದರಿಯ ಅಗ್ಗದ ಬೇಸ್ ನುಡಿಸುತ್ತೇನೆ. ಜುಲೈ ಬಂತೆಂದರೆ ನೆಕ್ (ಫ್ರೆಟ್ ಇರುವ ಉದ್ದ ಹಿಡಿ) ಬಾಗುತ್ತದೆ, ಬ್ರಿಜ್ (ಬಾಡಿಯ ಮೇಲೆ ತಂತಿ ಕೂರುವ ಲೋಹದ ಭಾಗ) ಸ್ಕ್ರೂಗಳಿಗೆ ಕೆಂಪು ತುಕ್ಕು. ಕಳೆದ ಮಳೆಗಾಲ ಜಿ ತಂತಿಯ ಸ್ಯಾಡಲ್ (ಬ್ರಿಜ್‌ನಲ್ಲಿ ಆ ತಂತಿಯನ್ನು ಹೊರುವ ತುಣುಕು) ಸ್ಕ್ರೂ ಜಪ್ಪಯ್ಯ ಅಂದರೂ ತಿರುಗಲಿಲ್ಲ, ತಲೆ ಸವೆದುಹೋಯಿತು. ನೆಕ್ ಬರೀ ನಾಲ್ಕು ಸ್ಕ್ರೂನಲ್ಲಿ ಕೂತಿರುತ್ತದಲ್ಲ (ಅದೂ ಲಿಯೋ ಉಪಕಾರವೇ), ಬಿಚ್ಚಿಟ್ಟು ಬಾಡಿಯನ್ನಷ್ಟೇ ದೋಣಿ ಇಂಜಿನ್ ರಿಪೇರಿಯವನ ಹತ್ತಿರ ಒಯ್ದೆ. ರಾತ್ರಿಯಿಡೀ ಎಣ್ಣೆ ಬಿಟ್ಟು, ಬೆಳಿಗ್ಗೆ ಇಕ್ಕಳದಲ್ಲಿ ತೆಗೆದುಕೊಟ್ಟ. ದುಡ್ಡು ಬೇಡವಂತೆ, ಮಗಳ ಮದುವೆಗೆ ಬಂದು ನುಡಿಸಬೇಕಂತೆ.