ರೊಟ್ಟಿ ಬೀರಾಕ ಓಣಿ ಬೇಕು

ನಿನ್ನೆ ರಾತ್ರಿ ಅವ್ವನ ಫೋನು. "ಸಜ್ಜಿ ಬೀಸಿಸ್ಕೊಂಡು ಬಂದೀನವ್ವಾ, ಎಳ್ಳು ಹಸನ ಮಾಡಿಟ್ಟೀನಿ. ಹಬ್ಬದ ದಿನ ಓಡ್ಕೋತ ಬರಬ್ಯಾಡ, ರೊಟ್ಟಿ ಪಂಚಮಿ ಮುಂಚಿನ ದಿನಾನ ಬಾ." ನನಗೀಗ ನಲವತ್ತೇಳು. ಹುಬ್ಬಳ್ಳಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಆದರೂ ಶ್ರಾವಣದಲ್ಲಿ ಈ ಫೋನ್ ಬಂತೆಂದರೆ ಮೈಯೆಲ್ಲ ತವರಿನ ಕಡೆ ತಿರುಗುತ್ತದೆ.

ಎರಡು ವಾರದ ಹಿಂದೆ ಆಫೀಸಿಗೆ ಹೊಸದಾಗಿ ಬಂದ ಮೈಸೂರು ಕಡೆಯ ಹುಡುಗಿ "ನಿಮ್ಮ ತವರೂರು ಯಾವುದು ಮೇಡಂ?" ಅಂತ ಕೇಳಿದಳು. ಹೆಸರು ಹೇಳಿದೆ. ಮೊಬೈಲ್ ಮ್ಯಾಪಿನಲ್ಲಿ ಹುಡುಕಿದಳು. "ಇಲ್ಲಿ ಬರೀ ನೀರು ತೋರಿಸ್ತಿದೆ ಮೇಡಂ." ಹೌದವ್ವಾ, ಅದೇ ನಮ್ಮೂರು ಅಂದೆ. ಪಾಪ, ಅದಕ್ಕೆ ಏನು ಹೇಳಬೇಕೋ ತಿಳಿಯದೆ ಸುಮ್ಮನಾದಳು. ಅವಳಿಗೆ ಆಗ ಹೇಳಲಾಗದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮೂರು ಬಾಗಲಕೋಟೆ ಸೀಮೆಯಲ್ಲಿ, ಘಟಪ್ರಭೆಯ ದಂಡೆಗಿತ್ತು. ಈಗ ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿನ ಕೆಳಗಿದೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಣೆಕಟ್ಟೆಗೆ ಅಡಿಗಲ್ಲು ಹಾಕಿದಾಗ ಅಪ್ಪನಿಗೆ ಹತ್ತು ವರ್ಷ. ನೀರು ನಮ್ಮ ಹೊಸ್ತಿಲಿಗೆ ಬರುವಾಗ ಅವನಿಗೆ ನಲವತ್ತೈದು ದಾಟಿತ್ತು. ನಡುವಿನ ಅಷ್ಟೂ ವರ್ಷ ನಮ್ಮೂರು ಇಂದು ಮುಳುಗೀತು, ನಾಳೆ ಮುಳುಗೀತು ಅನ್ನುತ್ತಲೇ ಬದುಕಿತು. ಮಾಳಿಗೆ ಸೋರಿದರೆ ಹೊಸ ಜಂತಿ ಹಾಕಿಸಬೇಕೋ ಬ್ಯಾಡೋ ಅಂತ ವರ್ಷಗಟ್ಟಲೆ ವಿಚಾರ. ಮುಳುಗೋ ಊರಿಗೆ ಹೆಣ್ಣು ಕೊಡಾಕ ಯಾರೂ ಒಲ್ಲರು. ನಮ್ಮ ಕಾಕಾನಿಗೆ ಮೂರು ಕಡೆ ನೋಡಿದ ಸಂಬಂಧ ಇದೇ ಮಾತಿಗೆ ಮುರಿದುಬಿತ್ತು. ಊರು ಮುಳುಗುವುದು ನೀರು ಬಂದ ದಿನ ಅಲ್ಲ, ಅದಕ್ಕಿಂತ ಬಹಳ ಮೊದಲೇ ಶುರುವಾಗುತ್ತದೆ. ಇದನ್ನು ಅನುಭವಿಸಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಅಂಥ ಊರಿನಲ್ಲೂ ಪಂಚಮಿ ಮಾತ್ರ ಒಂದು ವರ್ಷವೂ ಸಪ್ಪಗಾಗಲಿಲ್ಲ. ನಾಗಪ್ಪನಿಗೆ ಹಾಲೆರೆಯುವ ಹಿಂದಿನ ದಿನ ರೊಟ್ಟಿ ಪಂಚಮಿ. ನಾಕು ದಿನ ಮೊದಲೇ ಆಯಿ, ಅವ್ವ, ಕಾಕು ಮೂವರೂ ಒಲೆ ಮುಂದೆ ಕೂತು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಬಡಿದು, ಕಟಕಟ ಅನ್ನುವ ಹಂಗ ಒಣಗಿಸಿ, ಬುಟ್ಟಿಯಲ್ಲಿ ಒಟ್ಟುತ್ತಿದ್ದರು. ಹಬ್ಬದ ದಿನ ಎಣ್ಣೆಗಾಯಿ, ಮಡಕಿಕಾಳು, ಪುಂಡಿಪಲ್ಯ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಗಟ್ಟಿ ಮೊಸರು. ತಾಟಿನಲ್ಲಿ ಎರಡು ರೊಟ್ಟಿ, ಅದರ ಮೇಲೇ ಪಲ್ಯ, ಹಿಂಡಿ ಎಲ್ಲ ಇಟ್ಟು, ಮೇಲೆ ಗುಳೇದಗುಡ್ಡದ ಖಣದ ತುಂಡು ಮುಚ್ಚಿ ಆಯಿ ನನ್ನ ಕೈಗೆ ಕೊಡುತ್ತಿದ್ದಳು. ನಾನು ಓಣಿಗೆಲ್ಲ ಬೀರಿ ಬರಬೇಕು. ಬಡಿಗೇರ ಮನೆ, ಹೂಗಾರ ಮನೆ, ಎದುರಿನ ಪಿಂಜಾರರ ಮನೆ. ಯಾವ ತಾಟೂ ಬರಿದಾಗಿ ಮರಳುತ್ತಿರಲಿಲ್ಲ. ಅವರ ರೊಟ್ಟಿ, ಅವರ ಪಲ್ಯ ನಮ್ಮ ಮನೆಗೆ ಬರುತ್ತಿತ್ತು. ಪಿಂಜಾರರ ಮನೆಯವರು ರಂಜಾನಿಗೆ ಸುರಕುಂಬಾ ಕಳಿಸುತ್ತಿದ್ದ ಹಿತ್ತಾಳಿ ತಂಬಿಗೆಯಲ್ಲೇ ಪಂಚಮಿಗೆ ನಮಗೆ ಮಜ್ಜಿಗೆ ಬರುತ್ತಿತ್ತು. ರಾತ್ರಿ ಊಟಕ್ಕೆ ಕೂತರೆ ನಮ್ಮ ತಾಟಿನಲ್ಲಿ ಹತ್ತು ಮನೆಯ ಕೈರುಚಿ. ಬಡಿಗೇರ ಕಾಕುವಿನ ಎಣ್ಣೆಗಾಯಿ ಕಣ್ಣು ಮುಚ್ಚಿ ತಿಂದರೂ ಗುರುತು ಹತ್ತುತ್ತಿತ್ತು. ಇವತ್ತಿಗೂ ನನಗೆ ಎಲ್ಲಕ್ಕಿಂತ ಇಷ್ಟದ ಊಟ ಯಾವುದು ಅಂದರೆ ಅದೇ ತಾಟು.

ಮರುದಿನ ಜೋಕಾಲಿ. ಓಣಿ ತುದಿಯ ಬೇವಿನ ಮರಕ್ಕೆ ಬಾವಿ ಹಗ್ಗ ಕಟ್ಟಿ ಗಂಡುಹುಡುಗರು ಜೀಕಿದರೆ, ಎತ್ತರಕ್ಕೆ ಹೋದಾಗ ಘಟಪ್ರಭೆಯ ಹೊಳಿ ಒಂದು ಗಳಿಗೆ ಕಾಣುತ್ತಿತ್ತು. ಕೆಂಪು ನೀರು, ದಂಡೆಯ ಬದನೆ ತೋಟ.

ಸರ್ವೇ ಮಾಡುವವರು ಬಂದಾಗ ಆ ಬೇವಿನ ಮರಕ್ಕೂ ಟೇಪು ಹಿಡಿದು ಸುತ್ತಳತೆ ಬರೆದುಕೊಂಡರು. ಮನೆಗಳ ಗೋಡೆ, ಕಲ್ಲು, ತೊಲಿ, ಜಂತಿ ಎಲ್ಲ ಬರೆದುಕೊಂಡರು. ಪಡಸಾಲೆಯ ನೆಲದಡಿ ಮುತ್ಯಾನ ಕಾಲದ ಹಗೇವು ಇತ್ತು. ಒಂದು ಆಳಿಗಿಂತ ಆಳ, ಬಾಯಿ ಸಣ್ಣದು, ಒಳಗೆ ಜೋಳ ತುಂಬಿ ಮೇಲೆ ಮಣ್ಣು ಮೆತ್ತಿದರೆ ವರ್ಷಾನುಗಟ್ಟಲೆ ಕೆಡುತ್ತಿರಲಿಲ್ಲ. "ಇದನ್ನ ಯಾವ ಕಲಮಿನಾಗ ಬರಕೊಳ್ಳೋದು?" ಅಂತ ಬರೆಯುವವನು ಅಪ್ಪನನ್ನೇ ಕೇಳಿದ. ಅಪ್ಪ ಉತ್ತರ ಕೊಡಲಿಲ್ಲ. ಕೊನೆಗೆ ಟ್ರ್ಯಾಕ್ಟರಿನಲ್ಲಿ ಬಾಗಿಲ ಚೌಕಟ್ಟು, ತೊಲಿ, ಬೀಸುಕಲ್ಲು ಹೇರಿಕೊಂಡು ಹೊರಟೆವು. ಹಗೇವು ಹೇರಿಕೊಂಡು ಬರುವಂಥದ್ದಲ್ಲ.

ಪುನರ್ವಸತಿ ಕೇಂದ್ರದಲ್ಲಿ ಚೀಟಿ ಎತ್ತಿ ಪ್ಲಾಟು ಕೊಟ್ಟರು. ಮೋಸ ಯಾರಿಗೂ ಆಗಲಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಆ ಒಂದು ಮಧ್ಯಾಹ್ನದಲ್ಲಿ ನಮ್ಮ ಓಣಿ ಚೆಲ್ಲಾಪಿಲ್ಲಿಯಾಯಿತು. ಬಡಿಗೇರರು ಆ ತುದಿಗೆ, ಹೂಗಾರರು ಗುಡ್ಡದ ಬಾಜೂಕ, ಪಿಂಜಾರರ ಮನೆಯವರಂತೂ ಬೇರೆ ಕೇಂದ್ರಕ್ಕೇ ಹೋದರು. ನಮ್ಮ ಎಡಕ್ಕೂ ಬಲಕ್ಕೂ ಬಂದವರು ಬೇರೆ ಮುಳುಗಡೆ ಊರಿನವರು. ಅವರೂ ನಮ್ಮ ಹಾಗೇ ಕಣ್ಣು ಕೆಂಪಗೆ ಮಾಡಿಕೊಂಡು ಬಂದವರು.

ಅಲ್ಲಿಯ ಮೊದಲ ಪಂಚಮಿ ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಆಯಿ ಎಂದಿನಂತೆ ತಾಟು ತುಂಬಿದಳು, ಖಣ ಮುಚ್ಚಿದಳು. ಹೊಸ್ತಿಲಿಗೆ ಬಂದು ನಿಂತವಳು ಹಾಗೇ ನಿಂತಳು. ಹಳೇ ಮನೆಯ ಚೌಕಟ್ಟೇ ಅದು, ಆದರೆ ಹೊರಗೆ ಉದ್ದಾನುದ್ದ ಸಿಮೆಂಟ್ ರಸ್ತೆ, ಆ ಮಗ್ಗಲಿನವರನ್ನು ಕೂಗಿದರೂ ಕೇಳಿಸದಷ್ಟು ಅಗಲ. "ಮಗ್ಗಲ ಮನ್ಯಾಕಿ ಹೆಸರಾ ಗೊತ್ತಿಲ್ಲ. ಏನಂತ ಕರದು ರೊಟ್ಟಿ ಕೊಡಲವ್ವಾ?" ಅಂದಳು. ಆಮೇಲೆ ತಾಟು ಒಳಗಿಟ್ಟು, ರೊಟ್ಟಿಯನ್ನೆಲ್ಲ ಧೋತರದಲ್ಲಿ ಗಂಟು ಕಟ್ಟಿ, ನನ್ನ ಕರೆದುಕೊಂಡು ಹೊರಟಳು. ಬಿಸಿಲಲ್ಲಿ ಬಡಿಗೇರರ ಮನೆ ಹುಡುಕುತ್ತ, ಹೂಗಾರರ ಮನೆ ಹುಡುಕುತ್ತ ಅಡ್ಡಾಡಿದೆವು. ಪ್ರತಿ ಮನೆಯ ಬಾಗಿಲಲ್ಲೂ ಮುದುಕಿಯರು ಒಬ್ಬರನ್ನೊಬ್ಬರು ಹಿಡಕೊಂಡು ಅತ್ತರು. ಮನೆಗೆ ಬರುವಷ್ಟರಲ್ಲಿ ಅರ್ಧ ರೊಟ್ಟಿ ಮುರಿದು ನುಚ್ಚಾಗಿದ್ದವು.

ಇಷ್ಟೆಲ್ಲ ಈಗ ಯಾಕೆ ಹೇಳುತ್ತಿದ್ದೇನೆಂದರೆ, ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಕೆಲಸ ಮತ್ತೆ ಮುಂದೆ ಬಂದಿದೆ. ಕೃಷ್ಣಾ ನದಿ ನೀರು ಹಂಚಿಕೆಯ ಎರಡನೇ ನ್ಯಾಯಮಂಡಳಿ 2010ರಲ್ಲೇ ಇದಕ್ಕೆ ಒಪ್ಪಿಗೆ ಕೊಟ್ಟಿತ್ತು. 2025ರ ಸೆಪ್ಟೆಂಬರಿನಲ್ಲಿ ಸರ್ಕಾರ ಮುಳುಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಜಮೀನಿಗೆ 30 ಲಕ್ಷ ಅಂತ ತೀರ್ಮಾನಿಸಿತು. ಇನ್ನೂ ಸುಮಾರು 75 ಸಾವಿರ ಎಕರೆ ನೀರಿಗೆ ಹೋಗುತ್ತದೆ, ಜೊತೆಗೆ ಹಳ್ಳಿಗಳೂ ಹೋಗುತ್ತವೆ. ನಾನು ಅಣೆಕಟ್ಟೆ ಬೇಡ ಅನ್ನುವವಳಲ್ಲ. ವಿಜಯಪುರ ಸೀಮೆಯ ಒಣ ನೆಲಕ್ಕೆ ನೀರು ಹೋಗಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಅಲ್ಲಿಯ ದ್ರಾಕ್ಷಿ ತೋಟ ನೋಡಿದಾಗ ನಮ್ಮೂರು ಸುಮ್ಮನೆ ಹೋಗಲಿಲ್ಲ ಅನ್ನಿಸುತ್ತದೆ. ದರದ ಹೋರಾಟ ಮಾಡುವವರು ಮಾಡಲಿ, ಅದು ಬೇಕೇ ಬೇಕು. ನನ್ನದು ಬೇರೆಯೇ ಒಂದು ಕೇಳಿಕೆ: ಈ ಸಲ ಓಣಿ ಒಡೀಬ್ಯಾಡ್ರಿ. ಚೀಟಿ ಎತ್ತುವ ಮೊದಲು ಪ್ರತಿ ಮನೆಯ ಹೆಣ್ಣುಮಕ್ಕಳನ್ನು ಕೂಡಿಸಿ, "ನಿಮ್ಮ ಮಗ್ಗಲಿಗೆ ಯಾರು ಇರಬೇಕ್ರಿ?" ಅಂತ ಒಂದು ಮಾತು ಕೇಳಿರಿ. ಐದಾರು ಮನೆ ಸೇರಿ ಒಂದು ಚೀಟಿ ಎತ್ತಲಿ. ಇದಕ್ಕೆ ಸರ್ಕಾರಕ್ಕೆ ಹೆಚ್ಚಿನ ಖರ್ಚೇನೂ ಬರುವುದಿಲ್ಲ.

ಇಲ್ಲಿ ಒಂದು ಮಾತು ಮುಚ್ಚಿಡಬಾರದು. ನಮ್ಮ ಹಳೇ ಊರಿನಲ್ಲಿ ದಲಿತರ ಕೇರಿ ಊರ ಹೊರಗಿತ್ತು. ನಾನು ರೊಟ್ಟಿ ಬೀರಲು ಹೋದ ಮನೆಗಳಲ್ಲಿ ಕೇರಿಯ ಮನೆ ಒಂದೂ ಇರಲಿಲ್ಲ. ಆಯಿ ಕಳಿಸಲಿಲ್ಲ, ನಾನೂ ಕೇಳಲಿಲ್ಲ. ಚೀಟಿಯಿಂದ ಒಂದು ಒಳ್ಳೆಯದೂ ಆಯಿತು. ಕೇರಿಯ ನಾಲ್ಕಾರು ಮನೆಗಳಿಗೆ ನಮ್ಮ ಸಾಲಿನಲ್ಲೇ ಪ್ಲಾಟು ಬಂತು. ಹಳೇ ಊರನ್ನು ಹಾಗೇ ಎತ್ತಿ ಇಡಬೇಕು ಅಂದರೆ ಆ ಗೆರೆಯನ್ನೂ ಎತ್ತಿ ಇಟ್ಟ ಹಾಗೆ, ಅದನ್ನು ನಾನು ಒಪ್ಪುವುದಿಲ್ಲ. ಅದಕ್ಕೇ ನಾನು ಹೇಳುವುದು, ಮನಸ್ಸು ಕೂಡಿದ ಮನೆಗಳು ಕೂಡಿ ಇರಲಿ. ಜಾತಿ ಹೆಸರಿನಲ್ಲಿ ಸಾಲು ಹಾಕುವುದು ಬೇಡವೇ ಬೇಡ. ನಮ್ಮ ಮನೆಯಿಂದ ಮೂರನೆಯದು ಈಗ ಕೇರಿಯಿಂದ ಬಂದವರ ಮನೆ. ಅವ್ವನ ರೊಟ್ಟಿ ಬುಟ್ಟಿ ಇತ್ತೀಚೆಗೆ ಮೊದಲು ಹೋಗುವುದು ಅಲ್ಲಿಗೆ. ಆಯಿಗೆ ಆಗದ್ದು ಅವ್ವಗೆ ಆಯಿತು.

ಹೋದ ಮೇ ತಿಂಗಳಲ್ಲಿ ನೀರು ಇಳಿದಾಗ ಮಗಳನ್ನು ಕರೆದುಕೊಂಡು ಹಳೇ ಊರಿಗೆ ಹೋಗಿದ್ದೆ. ಬಿರುಕು ಬಿಟ್ಟ ಹೂಳಿನ ನೆಲ, ಸಿಂಪಿ ಚೂರು, ಗುಡಿಯ ಕಟ್ಟೆಯ ನಾಲ್ಕು ಕಲ್ಲು. ನಮ್ಮ ಮನೆ ಎಲ್ಲಿತ್ತು ಅಂತ ಗುರುತು ಹಿಡಿದದ್ದು ಹಗೇವಿನಿಂದ. ಹೂಳು ತುಂಬಿದ್ದರೂ ಅಷ್ಟು ಜಾಗ ಮಾತ್ರ ದುಂಡಗೆ ತಗ್ಗಾಗಿ, ಸುತ್ತಲಿನ ನೆಲ ಒಣಗಿದ್ದರೂ ಅಲ್ಲಿ ಇನ್ನೂ ಹಸಿ ಇತ್ತು. ಮಗಳು ಅದರಲ್ಲಿ ಕೈ ಇಟ್ಟು ನೋಡಿದಳು.

ಪಂಚಮಿಯ ಹೊತ್ತಿಗೆ ಅಲ್ಲಿ ಮತ್ತೆ ನೀರು ತುಂಬಿರುತ್ತದೆ. ನಾಗಪ್ಪನಿಗೆ ಹಾಲೆರೆಯುವಾಗ ನಮ್ಮಲ್ಲಿ ಒಬ್ಬೊಬ್ಬರ ಹೆಸರು ಹೇಳಿ ಎರೆಯುತ್ತೇವೆ, ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು ಅಂತ. ಊರು ಬಿಟ್ಟ ವರ್ಷದಿಂದ ಆಯಿ ಕಡೆಗೆ "ಊರ ಪಾಲು" ಅಂತ ಒಂದು ಚಮಚ ಹೆಚ್ಚಿಗೆ ಎರೆಯಲು ಶುರು ಮಾಡಿದಳು. ಆಯಿ ಹೋಗಿ ಹನ್ನೊಂದು ವರ್ಷ. ಈಗ ಅವ್ವ ಎರೆಯುತ್ತಾಳೆ.

ಎರಡು ದಿನ ರಜೆ ಹಾಕಿದ್ದೇನೆ. ಅವ್ವ ಈ ಸಲ ಹದಿನೆಂಟು ಮನೆಗೆ ರೊಟ್ಟಿ ಲೆಕ್ಕ ಹಾಕಿದ್ದಾಳಂತೆ, ಹಳೇ ಓಣಿಯವರೂ ಹೊಸ ಮಗ್ಗಲಿನವರೂ ಸೇರಿ. ಅಣ್ಣ ಬೈಕ್ ಓಡಿಸುತ್ತಾನೆ, ಹಿಂದೆ ಕೂತು ಬುಟ್ಟಿ ಹಿಡಿಯುವುದು ನನ್ನ ಕೆಲಸ. ಪಿಂಜಾರರ ಮನೆ ಇಪ್ಪತ್ತು ಕಿಲೋಮೀಟರ್ ದೂರ. ಈ ಸಲ ಮೊದಲು ಅಲ್ಲಿಗೇ ಹೋಗಿ ಬರೋಣ, ಬಿಸಿಲೇರಿದ ಮೇಲೆ ಮೊಸರು ಹುಳಿಯಾಗುತ್ತದೆ ಅಂದಿದ್ದಾಳೆ ಅವ್ವ.