ಟಾಕಿ ತೊಳೆಸಿದ ಪ್ರಸಂಗ

ಹಳೆ ಗಾಡಿ ಇಟ್ಟುಕೊಂಡವರಿಗೆ ಹುಬ್ಬಳ್ಳಿ–ಧಾರವಾಡದಲ್ಲಿ ಸಲಹೆಗೇನೂ ಬರ ಇಲ್ಲ. ಸ್ಟ್ಯಾಂಡ್ ಹಾಕಿ ಸ್ವಲ್ಪ ಬಗ್ಗಿ ನೋಡಿದರೆ ಸಾಕು, ಪಕ್ಕದಲ್ಲಿ ಇನ್ನಿಬ್ಬರು ಬಗ್ಗಿರುತ್ತಾರೆ. ಪೆಟ್ರೋಲ್ ಸೋರುತ್ತಿದ್ದರೆ ಮೂವರು.

ನನ್ನದು ಕಾಕಾ ಕೊಟ್ಟ ಯೆಜ್ಡಿ ಬೈಕು. ಮೈಸೂರಿನ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು. ಅಲ್ಲಿ ಹುಟ್ಟಿದ ಗಾಡಿಗಳಿಗೆ ಈ ಸುದ್ದಿ ಇನ್ನೂ ಮುಟ್ಟಿಲ್ಲ, ಓಡಾಡುತ್ತಲೇ ಇವೆ. ಕಾಕಾ ಇದನ್ನು ಧಾರವಾಡದ ಮಾಳಮಡ್ಡಿಯ ಮನೆ ಹಿತ್ತಲಲ್ಲಿ ತಗಡಿನ ಕೆಳಗೆ ವರ್ಷಗಟ್ಟಲೆ ನಿಲ್ಲಿಸಿದ್ದರು. ಪುಣೆಗೆ ಮಗಳ ಮನೆಗೆ ಹೊರಟಾಗ, "ನೀನs ತಗೊಂಡ ಹೋಗಪಾ, ಟಾಕ್ಯಾಗ ಅರ್ಧ ಪೆಟ್ರೋಲ್ ಸೈತ ಅದ" ಅಂದರು.

ರೋಗ ಇದ್ದದ್ದು ಉಳಿದರ್ಧದಲ್ಲಿ. ಪೆಟ್ರೋಲ್ ಇಲ್ಲದ ಜಾಗದಲ್ಲಿ ಗಾಳಿ ಇರುತ್ತೆ. ಹಗಲು ಟಾಕಿ ಕಾಯುತ್ತೆ, ರಾತ್ರಿ ತಣ್ಣಗಾಗುತ್ತೆ, ಗಾಳಿಯ ತೇವ ತಗಡಿಗೆ ಹನಿ ಕಟ್ಟುತ್ತೆ. ನೀರು ಪೆಟ್ರೋಲಿಗಿಂತ ಭಾರ. ಹನಿ ಸೀದಾ ತಳಕ್ಕಿಳಿದು ಅಲ್ಲೇ ಠಿಕಾಣಿ ಹೂಡುತ್ತೆ. ಧಾರವಾಡದ ಜಿಟಿಜಿಟಿ ಮಳೆಗಾಲದಲ್ಲಿ ತೇವಕ್ಕೇನು ಕಡಿಮೆ? ಸಾಲದ್ದಕ್ಕೆ ಈಗ ಪೆಟ್ರೋಲಿಗೆ ಶೇ. 20ರಷ್ಟು ಎಥೆನಾಲ್, ಅಂದರೆ ಮದ್ಯಸಾರ, ಬೇರೆ. ಬೆಳಗಾವಿ, ಬಾಗಲಕೋಟೆ ಕಡೆಯ ಕಬ್ಬಿಗೂ ಅದರಲ್ಲಿ ಪಾಲಿದೆ. ಗಾಡಿ ಒಂದು ಗುಟುಕು ಹಾಕಿಕೊಂಡೇ ಮನೆಯಿಂದ ಹೊರಡುತ್ತೆ ಅನ್ನಿ. ಅದನ್ನು ತಪ್ಪೆನ್ನಲಾರೆ. ಆದರೆ ಎಥೆನಾಲಿಗೆ ನೀರೆಂದರೆ ಪ್ರಾಣ. ನೀರು ಜಾಸ್ತಿಯಾದರೆ ಪೆಟ್ರೋಲಿನ ಸಂಗ ಬಿಟ್ಟು ನೀರಿನ ಜೊತೆ ತಳ ಸೇರುತ್ತೆ. ನಿಂತ ಗಾಡಿಯ ಟಾಕಿಯೊಳಗೆ ಇಷ್ಟೆಲ್ಲ ಸಂಸಾರ ನಡೆದಿರುತ್ತೆ, ಹೊರಗೆ ಮಾತ್ರ ಬಣ್ಣ ಫಳಫಳ.

ಹುಬ್ಬಳ್ಳಿ ಕಡೆ ಹೊರಟಿದ್ದೆ, ನವಲೂರಿನ ಹತ್ತಿರ ಗಾಡಿ ಕೆಮ್ಮಿತು. ಪೆಟ್ರೋಲಿನ ಕಾಕ್ ತಿರುಗಿಸಿ ರಿಜರ್ವಿಗೆ ಹಾಕಿದೆ, ನಿಂತೇ ಹೋಯಿತು. ನಿಲ್ಲದೆ ಏನು ಮಾಡೀತು? ರಿಜರ್ವ್ ಅಂದರೆ ತಳದ ಪೆಟ್ರೋಲ್. ಕಚರಾ, ನೀರು, ಜಂಗು ಅಂದರೆ ತುಕ್ಕು, ಎಲ್ಲ ಇರೋದೇ ಅಲ್ಲಿ. ಕಾರ್ಬೊರೇಟರಿನ ಬಟ್ಟಲು ಬಿಚ್ಚಿದರೆ ಒಳಗೆ ಕುಂಕುಮದ ಹಾಗೆ ನುಣ್ಣನೆ ಕೆಂಪು ಹುಡಿ, ಅದರ ನಡುವೆ ಪೆಟ್ರೋಲಿಗೆ ಬೆರೆಯದೆ ಉರುಳಾಡುವ ನೀರಿನ ಗುಳ್ಳೆ. ತಲೆ ಎತ್ತಿ ನೋಡಿದರೆ ಟಾಕಿಯ ಅಡಿಯ ಬೆಸುಗೆಯಲ್ಲಿ ಒಂದು ಹನಿ ತೂಗುತ್ತಿತ್ತು. ಬಿತ್ತು. ಹಿಂದೆಯೇ ಇನ್ನೊಂದು ಬಂತು.

ಅಷ್ಟರಲ್ಲಿ ಜನ ಬಗ್ಗಿ ಆಗಿತ್ತು. ಬಗ್ಗಿದವರಲ್ಲಿ ಒಬ್ಬರ ಬಾಯಲ್ಲಿ ಹೊತ್ತಿಸಿದ ಬೀಡಿ. "ಯಜಮಾನ್ರ, ಬೀಡಿ!" ಎಂದು ಕೂಗಿದೆ. "ಇರ್ಲಿ ಬಿಡ್ರಿ, ನಂಗೇನ್ ತ್ರಾಸ ಇಲ್ಲ" ಅಂದರು. ನನಗಿತ್ತು.

ಕಾಪಾಡಿದ್ದು ಪೇರಲ ಹಣ್ಣು ಮಾರುವ ಅಕ್ಕ. ಮೊದಲು ಬೀಡಿಯವರನ್ನು ಬೈದು ಓಡಿಸಿದಳು. ಆಮೇಲೆ ಬುಟ್ಟಿಯ ಹಿಂದಿನಿಂದ ಬಟ್ಟೆ ಒಗೆಯುವ ಸಾಬೂನಿನ ತುಂಡು ತೆಗೆದು, "ತಿಕ್ಕ್ರಿ ಯಣ್ಣಾ, ನಮ್ಮ ಮನೆಯವ್ರು ಹಿಂಗs ಮಾಡ್ತಾರ" ಅಂದಳು. ತಿಕ್ಕಿದೆ. ನಿಂತಿತು! ಸಾಬೂನು ಪೆಟ್ರೋಲಿಗೆ ಕರಗುವುದಿಲ್ಲ, ಬಿರುಕಿನಲ್ಲಿ ಗಟ್ಟಿಯಾಗಿ ಕೂರುತ್ತೆ. ಹಳೆ ಲಾರಿ ಡ್ರೈವರುಗಳಿಗೆಲ್ಲ ಗೊತ್ತಿರುವ ವಿದ್ಯೆ ಇದು. ಖುಷಿಗೆ ಒಂದು ಕಿಲೋ ಪೇರಲ ಕೊಂಡೆ.

ಸಾಬೂನು ಪೆಟ್ರೋಲಿಗೆ ಕರಗುವುದಿಲ್ಲ, ಸರಿ. ಮಳೆಗೆ? ಉಣಕಲ್ ಕೆರೆ ದಾಟುವಷ್ಟರಲ್ಲಿ ಹನಿ ಶುರುವಾಯಿತು. ಸಿಗ್ನಲಿನಲ್ಲಿ ನಿಂತಾಗ ಎಲ್ಲರೂ ನನ್ನ ತೊಡೆಯ ಕಡೆಗೇ ನೋಡುತ್ತಿದ್ದಾರೆ. ಬಗ್ಗಿದರೆ ಟಾಕಿಯ ಕೆಳಗಿನಿಂದ ಬೆಳ್ಳನೆ ನೊರೆ ಬುಸಬುಸ ಇಳಿಯುತ್ತಿದೆ. ಆಟೋದವನೊಬ್ಬ ತಲೆ ಹೊರಗೆ ಹಾಕಿ, "ಏನ್ರಿ ಸರ, ಗಾಡಿ ಜಳಕಾ ಮಾಡಾಕತ್ತೈತೇನು?" ಎಂದ. ಇಂಜಿನ್ ಆಫ್ ಮಾಡಿ, ಕಾಕ್ ಬಂದ್ ಮಾಡಿ, ಮಳೆಯಲ್ಲಿ ಗ್ಯಾರೇಜಿನ ತನಕ ತಳ್ಳಿದೆ.

ಮಿಸ್ತ್ರಿ ಟಾಕಿ ಬಿಚ್ಚಿದ. ಸೋಪಿನ ನೀರಿನಲ್ಲಿ ತೊಳೆದು, ಒಂದು ಹಿಡಿ ನಟ್ಟು ಬೋಲ್ಟು ಒಳಗೆ ಹಾಕಿ, ಎದೆಗವಚಿಕೊಂಡು ಅಲ್ಲಾಡಿಸತೊಡಗಿದ. ಆ ಗಲಾಟೆಗೆ ಎದುರಿನ ಗಿರಮಿಟ್ ಅಂಗಡಿಯ ಗಿರಾಕಿಗಳೆಲ್ಲ ತಟ್ಟೆ ಹಿಡಿದುಕೊಂಡೇ ಬಂದರು. ಕೈ ಸೋತಾಗ ಅವರಲ್ಲೊಬ್ಬ ತಾನೂ ಒಂದು ಪಾಳಿ ಅಲ್ಲಾಡಿಸಿ ಕೊಟ್ಟ. ಆಮೇಲೆ ವಿನೆಗರ್ ತುಂಬಿ ಒಂದು ರಾತ್ರಿ ಬಿಟ್ಟರು. ಬೆಳಿಗ್ಗೆ ಸುರಿದರೆ ಕಪ್ಪು–ಕೆಂಪು ರಾಡಿ. ಒಳಗೆ ತಗಡು ಬೆಳ್ಳಗೆ ಹೊಳೆಯುತ್ತಿತ್ತು. ಟಾಕಿಯನ್ನು ಬಿಸಿಲಿಗೆ ಎತ್ತಿ ಹಿಡಿದು ಬಾಯಿಂದ ಇಣುಕಿದೆ. ತಳದ ತುಂಬಾ ನಕ್ಷತ್ರ!

"ಮೊದಲು ಒಂದs ತೂತಿತ್ತಲ್ಲೋ?"

"ಹೌದ್ರಿ ಸರ. ಉಳಿದಾವನ್ನ ಜಂಗು ಹಿಡಕೊಂಡಿತ್ತು. ಈಗ ಜಂಗು ತಗದೀವಿ."

ಅವನ ಮುಖದಲ್ಲಿ ಪಶ್ಚಾತ್ತಾಪದ ಗೆರೆಯೂ ಇರಲಿಲ್ಲ. ತೊಳಿ ಅಂದಿರಿ, ತೊಳೆದೆ, ಅಷ್ಟೇ.

ವೆಲ್ಡಿಂಗಿನವರು ಟಾಕಿ ನೋಡಿದ ಕೂಡಲೇ ಕೈ ಮುಗಿದರು. "ನಮಗೂ ಹೆಂಡ್ರು ಮಕ್ಕಳು ಅದಾರ್ರಿ." ಮಾತು ಸುಳ್ಳಲ್ಲ. ಖಾಲಿ ಟಾಕಿಯೇ ಜಾಸ್ತಿ ಅಪಾಯ. ಒಳಗೆ ಉಳಿದ ಪೆಟ್ರೋಲಿನ ಆವಿ ಗಾಳಿಯ ಜೊತೆ ಕಲೆತು ಒಂದು ಕಿಡಿಗೆ ಕಾದಿರುತ್ತೆ. ಕೊನೆಗೆ ಹಳೇ ಹುಬ್ಬಳ್ಳಿಯ ಅಜ್ಜನೊಬ್ಬ ಒಪ್ಪಿದ. ಒಗೆಯುವ ಸೋಡಾ ಹಾಕಿದ ನೀರಿನಲ್ಲಿ ಮತ್ತೆ ಮತ್ತೆ ತೊಳೆದ. ಮೂಗು ಒಡ್ಡಿ ಮೂಸಿದ, ನನಗೂ ಮೂಸಿಸಿದ. ಟಾಕಿ ಬೋರಲು ಹಾಕಿ, ತೂತಿನ ಹತ್ತಿರದವರೆಗೂ ನೀರು ತುಂಬಿ, ಕಡೆಗೆ ಹಿತ್ತಾಳೆ ಕಡ್ಡಿ ಹಿಡಿದು ಬೆಸೆದ. ನಾನು ಅಷ್ಟೂ ಹೊತ್ತು ರಸ್ತೆಯ ಆಚೆ ನಿಂತು ತೀರಾ ಮುಖ್ಯವಾದ ಫೋನಿನಲ್ಲಿದ್ದೆ.

"ಇವತ್ತs ಒಣಗಿಸಿ ಎಣ್ಣಿ ಕಲಸಿದ ಪೆಟ್ರೋಲ್ ಹಾಕ್ರಿ. ತೊಳೆದ ತಗಡು ಸಂಜೀಕs ಮತ್ತ ಕೆಂಪ ಆಗತೈತಿ. ಮಳಿಗಾಲದಾಗ ಟಾಕಿ ತುಂಬs ಇಡ್ರಿ" ಎಂದು ಕಳಿಸಿದ.

ಈಗ ಟಾಕಿ ಯಾವಾಗಲೂ ತುಂಬಿರುತ್ತೆ. ಓಣಿಗೆಲ್ಲ ಗೊತ್ತಾಗಿದೆ, ಅದೇ ಹೊಸ ತಲೆನೋವು. ಮೊನ್ನೆ ಹಿಂದಿನ ಮನೆಯ ಮಾಮಾ ಬಾಟಲಿ ಹಿಡಿದು ಬಂದರು. "ಸುಮ್ನ ನಿಂತೈತಲ್ಲಪಾ ಗಾಡಿ, ಅರ್ಧಾ ಲೀಟರ್ ಕೊಡು. ಬಂಕಿಗೆ ಹೋಗೋಮಟ ಸಾಕು." "ಮಾಮಾ, ಇದು ಟೂ ಸ್ಟ್ರೋಕ್, ಪೆಟ್ರೋಲಿಗೆ ಆಯಿಲ್ ಕಲಸಿರತೈತಿ, ನಿಮ್ಮ ಸ್ಕೂಟರಿಗೆ ಬ್ಯಾಡ" ಅಂದೆ. "ಕೊಡಾಕ ಮನಸಿಲ್ಲಂತ ಹೇಳು" ಅಂದರು. ಕೊಟ್ಟೆ. ಅವರ ಹೊಸ ಸ್ಕೂಟರ್ ಓಣಿಯ ತುಂಬಾ ಹೊಗೆ ಬಿಡುತ್ತಾ ಹೋಯಿತು. ತಿರುವಿನಲ್ಲಿ ನಿಲ್ಲಿಸಿ ಮಾಮಾ ಬಗ್ಗಿದರು. ಅವರ ಪಕ್ಕದಲ್ಲಿ ಆಗಲೇ ಇನ್ನಿಬ್ಬರು ಬಗ್ಗಿದ್ದರು. ನಾನು ಹೋಗಲಿಲ್ಲ.